ಗೌಡರ ಅಳಿಯನ ವಾಚು

ಎಂಬತ್ತೈದು ರೂಪಾಯಿಯ ವ್ಯಾಪಾರ. ಆದರೆ ಅದು ಕೈತಪ್ಪಿದ್ದರೆ ಮಾರೇನಹಳ್ಳಿಯ ಮದುವೆ ವಾಚುಗಳೆಲ್ಲ ಎಂದಿನಂತೆ ಚಿಕ್ಕಪೇಟೆಗೇ ಹೋಗುತ್ತಿದ್ದವು. ರಾಜಾಜಿನಗರ ಆಗಿನ್ನೂ ಏಳುತ್ತಿತ್ತು. ಮಾಗಡಿ ರಸ್ತೆಯಲ್ಲಿ ನನ್ನ ಅಂಗಡಿ ಹೊಸದು. ಹೊಸ ಅಂಗಡಿಗೆ ಗಿರಾಕಿಗಿಂತ ಮೊದಲು ಇಂಥ ಪ್ರಸಂಗಗಳೇ ಬಂದು ಕೂರುತ್ತವೆ.

ಎರಡೂ ಸರಿ

ಮಾರೇನಹಳ್ಳಿಯ ಗೌಡರು ವರಪೂಜೆಯಲ್ಲಿ ಅಳಿಯನಿಗೆ ಕೊಡಲು ವಾಚು ಕೇಳಿದರು. ಎರಡನ್ನು ತೆಗೆದಿಟ್ಟೆ: ಬಿಳಿ ಮುಖದ ಸ್ಟೀಲಿನದು ಒಂದು, ಚಿನ್ನದ ನೀರು ಕುಡಿಸಿದ್ದು ಇನ್ನೊಂದು. ಎರಡಕ್ಕೂ ಒಂದೇ ಬೆಲೆ. ಅದೇ ತೊಡಕಾಯಿತು. ಬೆಲೆ ಬೇರೆಯಿದ್ದರೆ ಕಡಿಮೆಯದನ್ನು ಹಿಡಿದು ಅವರು ಆಗಲೇ ಹೊರಡುತ್ತಿದ್ದರು.

ದಿನಾ ಬೆಳಿಗ್ಗೆ ಕೀ ಕೊಟ್ಟರೂ ಬಿಳಿಯದು ಸ್ವಲ್ಪ ಮುಂದೆ ಓಡುತ್ತಿತ್ತು, ಚಿನ್ನದ್ದು ಹಿಂದೆ.

"ಯಾವ್ದು ಸರಿ ಸೆಟ್ರೇ?"

"ಎರಡೂ ಸರಿ ಗೌಡ್ರೇ. ಒಂದು ಮೊದಲು ಹೇಳುತ್ತೆ, ಒಂದು ಆಮೇಲೆ ಹೇಳುತ್ತೆ. ಮಾರೋವಾಗ ಹೊಂದಿಸಿ ಕೊಡ್ತೀನಿ."

"ಮನೇಲಿ ಕೇಳಿ ಬರ್ತೀನಿ," ಎಂದು ಎದ್ದರು. ಗಂಡಸು ಹಾಗೆಂದರೆ ಸಾಮಾನ್ಯವಾಗಿ ವ್ಯಾಪಾರ ಮುಗಿದಂತೆ. ಈ ಗೌಡರು ನಿಜವಾಗಿ ಕೇಳಿ ಬಂದರು.

ಹಾಲಿನ ಗೀಟು

ಹೆಂಡತಿಯನ್ನೂ ಕರೆತಂದಿದ್ದರು. ಗೌಡಿತಿ ಬಿಳಿ ವಾಚನ್ನು ತಿರುಗಿಸಿ ನೋಡಿ, "ಅಂಕಿ ಎಲ್ಲಯ್ಯಾ? ಬರೀ ಗೀಟು," ಎಂದರು.

"ರೋಮನ್ ಅಂಕಿ ಅಮ್ಮಾ. ಒಂದು ಗೀಟು ಅಂದ್ರೆ ಒಂದು, ಎರಡು ಗೀಟು ಅಂದ್ರೆ ಎರಡು."

"ಹಾಲು ಹಾಕೋ ಮನೆ ಗೋಡೆ ಮೇಲೆ ನಾನೂ ದಿನಾ ಹಿಂಗೇ ಗೀಟು ಎಳೀತೀನಿ. ನಂಗ್ಯಾರೂ ಎಂಬತ್ತೈದು ಕೊಟ್ಟಿಲ್ಲ."

ಹೇಳಬೇಡಿ

ಎರಡು ವಾಚಿನ ಸುದ್ದಿ ಹೇಗೋ ಮುಟ್ಟಿ, ಮರುದಿನ ಮದುಮಗನೇ ಬಂದ. ಕಾರ್ಖಾನೆಯಲ್ಲಿ ಗುಮಾಸ್ತ. "ಸಾರ್, ಬಿಳೀದೇ ಕೊಡ್ಸಿ. ಚಿನ್ನದ್ದು ಕಟ್ಕೊಂಡು ಹೋದ್ರೆ ಎಲ್ರೂ ಸಾಲ ಕೇಳ್ತಾರೆ. ನಾನು ಬಂದಿದ್ದೆ ಅಂತ ಮಾವಂಗೆ ಹೇಳ್ಬೇಡಿ."

ಅವನು ಇಳಿದ ಮೆಟ್ಟಿಲನ್ನೇ ಅವನಪ್ಪ ಹತ್ತಿದರು. "ಚಿನ್ನದ್ದೇ ಕೊಡ್ಸಿ. ಫೋಟೋದಲ್ಲಿ ಹೊಳೀಬೇಕು. ನಾನು ಬಂದಿದ್ದೆ ಅಂತ ಬೀಗರಿಗೆ ಹೇಳ್ಬೇಡಿ."

ಯಾರಿಗೂ ಹೇಳಲಿಲ್ಲ. ಫೋಟೋ ತೆಗೆದರೆ ಚಿನ್ನವೂ ಕಪ್ಪುಬಿಳುಪೇ ಎಂಬುದನ್ನೂ ಹೇಳಲಿಲ್ಲ.

ಬಸ್ಸು ಮತ್ತು ರಾಹುಕಾಲ

ಶುಕ್ರವಾರ ಸಂಜೆ ಮಾಗಡಿಯಲ್ಲಿ ವರಪೂಜೆ. ಬೆಳಿಗ್ಗೆ ಗೌಡರು, ಗೌಡಿತಿ ಗಂಟುಮೂಟೆ ಸಮೇತ ಬಂದರು. ನನ್ನ ಅಂಗಡಿ ಮುಂದೆಯೇ ಮಾಗಡಿ ಬಸ್ಸು, ಹನ್ನೆರಡಕ್ಕೆ. ರಾಹುಕಾಲ ಮುಗಿಯುವುದೂ ಹನ್ನೆರಡಕ್ಕೇ. ದುಡ್ಡು ಗೌಡಿತಿಯ ಸೆರಗಿನ ಗಂಟಿನಲ್ಲಿತ್ತು. ರಾಹುಕಾಲದಲ್ಲಿ ಆ ಗಂಟು ಬಿಚ್ಚುವಂತಿರಲಿಲ್ಲ.

"ಈಗ ಟೈಮೆಷ್ಟು?" ಗೌಡರು ಕೇಳಿದರು.

ಎರಡು ವಾಚನ್ನೂ ಮುಂದಿಟ್ಟೆ. ಬಿಳಿಯದು ಹನ್ನೆರಡು ಗಂಟೆ ಐದು ನಿಮಿಷ ಎಂದಿತು. ಚಿನ್ನದ್ದರಲ್ಲಿ ಹನ್ನೆರಡಕ್ಕೆ ಇನ್ನೂ ಐದು ನಿಮಿಷವಿತ್ತು. ನಿಜವಾದ ಟೈಮು ಯಾರಿಗೂ ಬೇಕಿರಲಿಲ್ಲ.

ಗೌಡಿತಿ ಎರಡನ್ನೂ ಒಂದು ಗಳಿಗೆ ದಿಟ್ಟಿಸಿದರು. "ಬಿಳೀದ್ರಲ್ಲಿ ರಾಹುಕಾಲ ಮುಗ್ದೈತೆ, ದುಡ್ಡು ಕೊಡ್ಬೋದು. ಆದ್ರೆ ಅದ್ರಲ್ಲಿ ಬಸ್ಸೂ ಹೋಗೈತೆ. ಚಿನ್ನದ್ರಲ್ಲಿ ಬಸ್ಸು ಇನ್ನೂ ಬರ್ಬೇಕು, ಆದ್ರೆ ರಾಹುಕಾಲ ಐತೆ."

"ಅದಕ್ಕೇನೀಗ?" ಎಂದರು ಗೌಡರು.

"ಒಂದು ತಗೊಂಡ್ರೆ ಒಂದು ಕೆಡ್ತದೆ. ಬಿಳೀದು ನೋಡಿ ದುಡ್ಡು ಕೊಡ್ತೀನಿ, ಚಿನ್ನದ್ದು ನೋಡಿ ಬಸ್ಸು ಹತ್ತೋಣ. ಎರಡೂ ಕಟ್ಟಿ ಸೆಟ್ರೇ," ಎಂದು ಗಂಟು ಬಿಚ್ಚಿದರು. "ಒಂದು ಅಳಿಯಂಗೆ, ಒಂದು ನಮ್ಮೋರಿಗೆ. ಹೊಂದಿಸಕ್ಕೆ ಹೋಗ್ಬೇಡಿ, ಹಿಂಗೇ ಇರ್ಲಿ."

ಬಸ್ಸು ಸಿಕ್ಕಿತು. ಬಿಳಿಯದು ಅಳಿಯನಿಗೆ ಹೋಯಿತು. ಚಿನ್ನದ್ದು ಗೌಡರ ಕೈಯಲ್ಲಿ ಹೊಳೆಯಿತು. ಬೀಗರು ಫೋಟೋದಲ್ಲಿ ಅವರ ಪಕ್ಕದಲ್ಲೇ ನಿಂತರಂತೆ.

ಗಳಿಕೆಯ ಲೆಕ್ಕ: ಒಂದು ಮಾರಲು ಕೂತು ಎರಡು ಮಾರಿದೆ, ಆ ಊರಿನ ಮದುವೆ ವಾಚುಗಳು ಚಿಕ್ಕಪೇಟೆಯ ದಾರಿ ಮರೆತವು, ವಾಚು ಹೊಂದಿಸುವ ಶ್ರಮವೂ ಉಳಿಯಿತು.