ಏರಿನ ಬುಡದಲ್ಲಿ ಬೂತಾಯಿ ಅಗ್ಗ

ನಿಮಗೆ ಹೀಗೆ ಆಗಿದೆಯಾ, ಹೇಳಿ. ಯಾರೋ ದಾರಿ ಕೇಳುತ್ತಾರೆ. ನೀವು ಕೈಬೀಸಿ, "ಓ ಅದಾ? ಸಲೀಸು ದಾರಿ, ಏರೇ ಇಲ್ಲ" ಎನ್ನುತ್ತೀರಿ. ಇಪ್ಪತ್ತು ವರ್ಷ ಅದೇ ದಾರಿಯಲ್ಲಿ ಗಾಡಿ ಓಡಿಸಿದ ಧೈರ್ಯ ಅದು. ಆಮೇಲೊಂದು ದಿನ ನಿಮ್ಮದೇ ಎರಡು ಕಾಲುಗಳ ಬಲದಲ್ಲಿ ಆ ದಾರಿಗೆ ಇಳಿದರೆ, ಇಲ್ಲವೇ ಇಲ್ಲ ಎಂದು ನೀವು ಹೇಳಿದ್ದ ಗುಡ್ಡ ಎದುರಿಗೆ ಬಂದು ನಿಂತಿರುತ್ತದೆ. ಆಗಿಲ್ಲದಿದ್ದರೆ ನೀವು ಪುಣ್ಯವಂತರು. ನನಗೆ ಆಗಿದೆ, ಅದೂ ಊರಿಡೀ ನೋಡುವ ಹಾಗೆ.

ನನ್ನದು ಬಿ.ಸಿ.ರೋಡಿನಲ್ಲಿ ಪಂಪ್‌ಸೆಟ್ ಅಂಗಡಿ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ, ಈ ಮೂರೂ ಕಡೆ ತೋಟದವರಿಗೆ ಪಂಪು ಮುಟ್ಟಿಸಿ ಮುಟ್ಟಿಸಿ ನನ್ನ ಪಿಕಪ್ ಹೋಗದ ದಾರಿ ಉಳಿದಿಲ್ಲ. ಇದರ ಜೊತೆಗೆ ಫೇಸ್‌ಬುಕ್ಕಿನಲ್ಲಿ ಬರೆಯುವ ಚಟವೊಂದುಂಟು. ಈಗ ಪೇಟೆಯವರೆಲ್ಲ ಸಪೂರ ಚಕ್ರದ ಸೈಕಲ್ ಹಿಡಿದು ನಮ್ಮ ಗುಡ್ಡಗಳ ಕಡೆ ಬರುತ್ತಾರಲ್ಲ, ಅವರಿಗೆ ಉಪಕಾರವಾಗಲಿ ಎಂದು ನಾಲ್ಕು ದಾರಿಗಳ ಪಟ್ಟಿ ಹಾಕಿದೆ. ವಿಟ್ಲದಿಂದ ಕನ್ಯಾನ, ಒಂದು. ಬೆಳ್ತಂಗಡಿಯಿಂದ ಕಕ್ಕಿಂಜೆ, ಚಾರ್ಮಾಡಿಯ ಬುಡದವರೆಗೆ, ಎರಡು. ಬಂಟ್ವಾಳದಿಂದ ಪುಂಜಾಲಕಟ್ಟೆ ದಾಟಿ ಗುರುವಾಯನಕೆರೆ, ಮೂರು. ಅಲ್ಲಿಂದ ವೇಣೂರು, ಮೂಡುಬಿದಿರೆ, ಸಿದ್ದಕಟ್ಟೆಯಾಗಿ ವಾಪಸ್ ಬಂಟ್ವಾಳ, ನಾಲ್ಕು. ಪ್ರತಿಯೊಂದಕ್ಕೂ ದರ್ಜೆ ಬೇಡವೇ? ನನ್ನ ಪಿಕಪ್ ನಾಲ್ಕನೇ ಗೇರಿನಲ್ಲಿ ಹೋದರೆ 'ಸುಲಭ', ಮೂರಕ್ಕೆ ಇಳಿಸಬೇಕಾದರೆ 'ಸಾಧಾರಣ', ಎರಡಕ್ಕೆ ಬಂದರೆ 'ಕಷ್ಟ'. ಕಷ್ಟ ಎಂದು ನಾನು ಬರೆದದ್ದು ಎರಡನೇ ದಾರಿ ಮುಗಿದ ಮೇಲಿನ ಚಾರ್ಮಾಡಿ ಘಾಟಿಗೆ ಮಾತ್ರ, ಪಟ್ಟಿಯ ನಾಲ್ಕೂ ಸುಲಭ ಇಲ್ಲವೇ ಸಾಧಾರಣ. ಗಾಡಿ ತುಂಬ ಪಂಪು ಹೇರಿಕೊಂಡು ಹಾಕಿದ ಲೆಕ್ಕ, ಇದಕ್ಕಿಂತ ನ್ಯಾಯ ಇನ್ನೇನು ಬೇಕು ಎಂದು ನನಗೇ ನನ್ನ ಮೇಲೆ ಮೆಚ್ಚುಗೆ.

ಲೈಕು ಸುರಿಯಿತು. ಅದರ ನಡುವೆ ಮಂಗಳೂರಿನ ಸುನೀತಾ ಎಂಬ ಕಾಲೇಜು ಮೇಡಂ ಬರೆದರು: "ಸರ್, ನಿಮ್ಮ ಮೂರು ಮತ್ತು ನಾಲ್ಕನೇ ದಾರಿ ಸೇರಿಸಿ ಈ ಭಾನುವಾರ ನಾವು ನಾಲ್ಕು ಜನ ಬರ್ತೇವೆ. ನೀವೇ ಮುಂದಿದ್ದು ತೋರಿಸ್ಬೇಕು." ಎಲ್ಲರೂ ನೋಡುವ ಜಾಗದಲ್ಲಿ ಕೇಳಿದರೆ ಇಲ್ಲ ಎನ್ನುವುದು ಹೇಗೆ? "ಬನ್ನಿ ಮಾರಾಯ್ರೆ, ಹೋಗುವ" ಎಂದು ಒತ್ತಿಬಿಟ್ಟೆ. ನನ್ನ ಹೆಂಡತಿ ಝೊಹರಾ ತನ್ನ ಫೋನಿನಲ್ಲಿ ಅದನ್ನು ಓದಿ, "ಹೋಗುವ ಅಂತ ಬರೆದದ್ದು ಯಾರು, ನೀವಾ ನಿಮ್ಮ ಪಿಕಪ್ಪಾ?" ಎಂದಳು.

ನೋಡಿ, ನನ್ನ ಹತ್ತಿರ ಬೇರೆ ಆಸ್ತಿ ಏನೂ ಇಲ್ಲ. "ಹಮೀದಾಕ ಬರೆದದ್ದಾದರೆ ಸರಿ ಇರುತ್ತದೆ" ಎಂದು ನಾಲ್ಕು ಜನ ಹೇಳುತ್ತಾರಲ್ಲ, ಅಷ್ಟೇ. ನಾನು ಕೊನೆಯ ಸಲ ಸೈಕಲ್ ತುಳಿದದ್ದು ಹೈಸ್ಕೂಲಿನಲ್ಲಿ ಎಂಬುದು ಭಾನುವಾರ ಗೊತ್ತಾದರೆ ಆ ಮಾತು ಮುಗಿಯಿತು.

ಹಾಗಾಗಿ ಬುಧವಾರ ಬೆಳಿಗ್ಗೆ ಗುಟ್ಟಾಗಿ ಒಂದು ಪರೀಕ್ಷೆ ಮಾಡುವ ಎಂದು, ದುಬೈಯಲ್ಲಿರುವ ಭಾವ ನಮ್ಮ ಶೆಡ್ಡಿನಲ್ಲಿ ಇಟ್ಟುಹೋಗಿದ್ದ ಸೈಕಲ್ ಇಳಿಸಿ ಹೊರಟೆ. ಜಕ್ರಿಬೆಟ್ಟಿನವರೆಗೆ ಗಾಳಿಯೋ ಗಾಳಿ, ನಾನು ಹದಿನಾರರ ಹುಡುಗ. ಮಣಿಹಳ್ಳ ದಾಟಿ ವಗ್ಗದ ಕಡೆ ತಿರುಗಿದ ಮೇಲೆ ಕಾಲು ಏನೋ ಹೇಳತೊಡಗಿತು. ವಗ್ಗದ ಆಚೆ ಎದೆಯಲ್ಲಿ ಯಾರೋ ನೀರಿಲ್ಲದ ಬಾವಿಗೆ ಪಂಪು ಇಳಿಸಿ ಓಡಿಸಿದ ಹಾಗಾಯಿತು. ಗುಟ್ಟೂ ಉಳಿಯಲಿಲ್ಲ. ನಮ್ಮ ಕಡೆ ದೊಡ್ಡ ಮನುಷ್ಯ ಸೈಕಲಿನಲ್ಲಿ ಕಂಡರೆ ಜನರಿಗೆ ಸಂಕಟವಾಗುತ್ತದೆ. ಒಬ್ಬರು ಸ್ಕೂಟರ್ ನಿಲ್ಲಿಸಿ, "ಎಂಥ ಹಮೀದಾಕ, ಪಿಕಪ್ ಮಾರಿದ್ದಾ?" ಎಂದರು. ಇನ್ನೊಬ್ಬರು ತಗ್ಗಿದ ದನಿಯಲ್ಲಿ, "ಪೊಲೀಸರು ಲೈಸೆನ್ಸ್ ಹಿಡಿದ್ರಾ?" ಎಂದರು. ಏದುಸಿರು ಬಿಡುತ್ತ ಇಳಿದೆ. ಸೈಕಲ್ ಮೈಲಿಗಲ್ಲಿಗೆ ಒರಗಿಸಿ ತಲೆ ಎತ್ತಿದೆ. ಅಲ್ಲಿತ್ತು ಗುಡ್ಡ. ನಿನ್ನೆ ಮೊನ್ನೆ ಬಂದದ್ದಲ್ಲ, ನಾನು ಹುಟ್ಟುವ ಮೊದಲಿನದು. ಸಾವಿರ ಸಲ ಅದರ ಬೆನ್ನ ಮೇಲೆ ಹೋಗಿದ್ದೇನೆ, ಒಂದು ಸಲವೂ ಅದು ನನಗೆ ಕಂಡಿರಲಿಲ್ಲ. ಹೆದರಿಕೆಗಿಂತ ಹೆಚ್ಚಾಗಿ ಒಂದು ತರದ ಗೌರವ ಬಂತು. ಗೌರವದಿಂದಲೇ ತಿರುಗಿಸಿಕೊಂಡು ಮನೆಗೆ ಬಂದೆ.

"ಅದ್ದು ಕಾಕನ ಹತ್ತಿರ ಹೋಗಿ ಕೇಳಿ" ಎಂದಳು ಝೊಹರಾ. ಅದ್ದು ಕಾಕ ಅವಳ ಸೋದರಮಾವ, ಮಣಿಹಳ್ಳದವರು, ಎಪ್ಪತ್ತು ದಾಟಿದೆ. ಒಂದು ಕಾಲದಲ್ಲಿ ಸೈಕಲಿನ ಹಿಂದೆ ಮೀನಿನ ಬುಟ್ಟಿ ಕಟ್ಟಿ ದಿನಾ ಬಂಟ್ವಾಳದಿಂದ ಗುರುವಾಯನಕೆರೆಯವರೆಗೆ ಮನೆಮನೆಗೆ ಮಾರುತ್ತಿದ್ದವರು. ನನ್ನ ಪಟ್ಟಿ ಓದಿ ಹೇಳಿದೆ. ಕಾಕ ಬೀಡಿ ಕೆಳಗಿಟ್ಟರು.

"ವಗ್ಗದ ಏರಿಗೆ ಸುಲಭ ಅಂತ ಬರೆದದ್ದಾ? ಕೈ ನಡುಗಲಿಲ್ಲವಾ ನಿನಗೆ?"

"ಪಿಕಪ್ ನಾಲ್ಕರಲ್ಲಿ ಹೋಗ್ತದೆ ಕಾಕ."

"ಪಿಕಪ್ಪಿಗೆ ಮಂಡಿ ಉಂಟಾ ಮಾರಾಯ? ಕೇಳು. ಬುಟ್ಟಿಯಲ್ಲಿ ಬೂತಾಯಿ ಮೀನು, ಮೇಲಿಂದ ಐಸು. ಅಷ್ಟು ಭಾರ ಇಟ್ಟುಕೊಂಡು ಆ ಏರು ಹತ್ತುವುದು ಮನುಷ್ಯನಿಂದ ಆಗುವ ಕೆಲಸ ಅಲ್ಲ. ಬುಡದಲ್ಲೇ ಅರ್ಧ ಖಾಲಿ ಆಗ್ಬೇಕು. ಅದಕ್ಕೆ ಏರಿನ ಬುಡದ ಮನೆಯವರಿಗೆ ಬೂತಾಯಿ ಅಗ್ಗ. ಹತ್ತಿದ ಮೇಲೆ ಇರುವ ಮನೆಯವರಿಗೆ ಜಾಸ್ತಿ."

"ಒಂದೇ ಮೀನಿಗಾ?"

"ಒಂದೇ ಮೀನಾ? ಕೆಳಗಿನದ್ದು ಸಮುದ್ರದಿಂದ ಬಂದದ್ದು. ಮೇಲಿನದ್ದು ನನ್ನ ಸೊಂಟದಿಂದ ಬಂದದ್ದು."

ಮತ್ತೆ ಕಣ್ಣುಮುಚ್ಚಿ ಇಡೀ ದಾರಿ ಹೇಳತೊಡಗಿದರು. ಎಲ್ಲೆಲ್ಲಿ ದರ ಇಳಿಸುತ್ತಿದ್ದರು, ಎಷ್ಟು ಇಳಿಸುತ್ತಿದ್ದರು, ಎಲ್ಲಿ ಕೂತು ನೀರು ಕುಡಿಯಬೇಕು, ಎಲ್ಲಿ ನಾಚಿಕೆ ಬಿಟ್ಟು ಇಳಿದು ತಳ್ಳಬೇಕು. ಎಲ್ಲಿ ದರ ಇಳಿಯುತ್ತದೋ ಅಲ್ಲಿ ಏರು, ಹೆಚ್ಚು ಇಳಿದರೆ ಹೆಚ್ಚು ಏರು. ನಾನು ಗುಮಾಸ್ತನ ಹಾಗೆ ಬರೆದುಕೊಂಡೆ. ಬರೆದು ಮುಗಿಸಿ ನೋಡಿದರೆ ಕೈಯಲ್ಲಿ ಬೂತಾಯಿಯ ದರಪಟ್ಟಿ ಇದ್ದ ಹಾಗೂ ಇತ್ತು, ಆ ಗುಡ್ಡಗಳ ನಕ್ಷೆ ಇದ್ದ ಹಾಗೂ ಇತ್ತು. ಲುಂಗಿಯ ಕೆಳಗೆ ಕಾಣುತ್ತಿದ್ದ ಕಾಕನ ಕಡ್ಡಿಯಂಥ ಕಾಲುಗಳನ್ನು ನೋಡುತ್ತ ಚೀಟಿ ಮಡಚಿ ಕಿಸೆಗೆ ಹಾಕಿದೆ.

ಭಾನುವಾರ ನಾಲ್ವರೂ ಬಂದರು. ಕನ್ನಡಕ, ಹೆಲ್ಮೆಟ್ಟು, ಬಣ್ಣದ ಬಿಗಿ ಅಂಗಿ. ನಾನು ಮುಂದೆ, ಕಿಸೆಯಲ್ಲಿ ಕಾಕನ ಚೀಟಿ. ಏರಿನ ಬುಡದಲ್ಲಿ ಚೀಟಿಯಲ್ಲಿದ್ದ ಮನೆಯ ಮುಂದೆ ಗಂಭೀರವಾಗಿ ಕೈ ಎತ್ತಿದೆ: "ಇಲ್ಲಿ ನೀರು ಕುಡಿದೇ ಹೋಗ್ಬೇಕು." ಮೇಡಂ ಮೆಚ್ಚಿಕೊಂಡು, "ಸರ್, ಈ ದಾರಿ ನಿಮಗೆ ಬಾಯಿಪಾಠ!" ಎಂದರು. ಆಗಲೇ ಸತ್ಯ ಹೇಳಬಹುದಿತ್ತು. ನಾನು ಮೀಸೆಯಲ್ಲಿ ನಕ್ಕೆ, ಅಷ್ಟೇ.

ನೀರು ಕೊಟ್ಟದ್ದು ಲೀಲಕ್ಕ ಎಂಬ ಅಜ್ಜಿ. ಅದ್ದು ಕಾಕನ ಹೆಸರು ಹೇಳಿದ್ದೇ ತಡ, ಅವರ ಕಣ್ಣು ತುಂಬಿತು. "ಅಯ್ಯೋ ದೇವರಂಥ ಮನುಷ್ಯ! ಬಡವರ ಮನೆ ಅಂತ ನಮಗೆ ಯಾವಾಗಲೂ ಕಡಿಮೆಗೆ ಕೊಡ್ತಿದ್ರು. ಮೇಲಿಂದ ನಾಲ್ಕು ಬೂತಾಯಿ ಹೆಚ್ಚಿಗೆ. ಧರ್ಮ ಅಂದ್ರೆ ಅದು." ನಾನು ಚೊಂಬಿನೊಳಗೆ ಮುಖ ಇಟ್ಟುಕೊಂಡೆ.

ಆಮೇಲೆ ಏರು. ನಾಲ್ವರು ಸೀಟಿನಿಂದ ಇಳಿಯದೆ ಮೆಲ್ಲಗೆ ತುಳಿದೇ ಹತ್ತಿದರು. ನಾನು ನಾಚಿಕೆ ಬಿಡಬೇಕಾದ ಜಾಗಕ್ಕಿಂತ ತುಂಬಾ ಮೊದಲೇ ಬಿಟ್ಟೆ. ತಳ್ಳಿಕೊಂಡು ಮೇಲಿನ ಚಾ ಅಂಗಡಿಗೆ ತಲುಪುವಾಗ ಅವರ ಎರಡನೇ ಚಾ ಮುಗಿದಿತ್ತು. ಅಂಗಡಿಯಾತ ಆಗಲೇ ಅವರ ಹತ್ತಿರ, "ಅದ್ದು ಬ್ಯಾರಿಯಾ? ನಮ್ಮಮ್ಮ ಈಗಲೂ ಬೈತಾರೆ. ಒಂದು ಪೈಸೆ ಬಿಡದ ಅಂಥ ಪಿಟ್ಟಾಸಿ ಈ ರೋಡಿನಲ್ಲೇ ಇರ್ಲಿಲ್ಲ" ಎಂದು ಹೇಳುತ್ತಿದ್ದ. ಒಬ್ಬನೇ ಮನುಷ್ಯ. ಏರಿನ ಕೆಳಗೆ ದೇವರು, ಏರಿನ ಮೇಲೆ ಪಿಟ್ಟಾಸಿ. ನಡುವೆ ಇರುವುದು ಒಂದೇ ಒಂದು ಗುಡ್ಡ.

ಮೇಡಂ ನನ್ನ ಕಡೆ ತಿರುಗಿ ಕೇಳಿಯೇಬಿಟ್ಟರು. "ಸರ್, ನೀವು ಈ ಏರನ್ನು ಎಷ್ಟು ಸಲ ಸೈಕಲಿನಲ್ಲಿ ಹತ್ತಿದ್ದೀರಿ?"

ಸುಳ್ಳು ಹೇಳಲು ಉಸಿರು ಬೇಕು ಎಂಬುದು ನನಗೆ ಆವತ್ತು ಗೊತ್ತಾಯಿತು. ಸುಳ್ಳಿಗೆ ಉದ್ದ ವಾಕ್ಯ ಬೇಕಾಗುತ್ತದೆ. ನನ್ನ ಹತ್ತಿರ ಉಳಿದದ್ದು ಎರಡು ಶಬ್ದಕ್ಕಾಗುವಷ್ಟು ಗಾಳಿ. "ಇವತ್ತೇ... ಮೊದಲು" ಎಂದೆ.

"ಅದು ನಮಗೆ ಬಿ.ಸಿ.ರೋಡಿನಲ್ಲೇ ಗೊತ್ತಾಯ್ತು ಸರ್" ಎಂದರು ಮೇಡಂ. "ನಿಮ್ಮ ಸೈಕಲಿನ ಸೀಟಿಂದ ಪ್ಲಾಸ್ಟಿಕ್ ಕವರೇ ತೆಗ್ದಿಲ್ಲ."

"ತೆಗೆದರೆ ಭಾವ ಕೊಲ್ತಾನೆ" ಎಂದೆ. ಅವರು ನಕ್ಕ ನಗೆಗೆ ಅಂಗಡಿಯ ನಾಯಿ ಎದ್ದು ಹೋಯಿತು. ವಿಚಿತ್ರವೆಂದರೆ ಹೆಸರು ಹೋದ ಮೇಲೆ ಕಾಲು ಹಗುರವಾಯಿತು. ಕಿಸೆಯ ಚೀಟಿ ತೆಗೆದು ಮೇಡಂ ಕೈಗೆ ಕೊಟ್ಟೆ. ಅವರು ಓದುತ್ತ ಓದುತ್ತ ನಗು ನಿಲ್ಲಿಸಿದರು. "ಇದನ್ನೇ ಹಾಕ್ಬೇಕಿತ್ತು ಸರ್ ನೀವು" ಎಂದರು.

ಪುಂಜಾಲಕಟ್ಟೆ, ಮಡಂತ್ಯಾರು, ಅರ್ಧ ತುಳಿದು ಅರ್ಧ ತಳ್ಳಿ ಗುರುವಾಯನಕೆರೆ ಮುಟ್ಟಿದೆ. ಅಲ್ಲಿ ಒಂದು ಕಡೆ ನಾವು ಐವರೂ ಸೈಕಲ್ ಇಳಿದು ನಿಂತೆವು. ಗಡಾಯಿಕಲ್ಲು ಒಂಟಿಯಾಗಿ ಎದ್ದಿತ್ತು, ಅದರ ಹಿಂದೆ ಘಟ್ಟದ ಸಾಲು, ಮೋಡ ಸೊಂಟಕ್ಕೆ ಸುತ್ತಿಕೊಂಡು. ಇಷ್ಟು ವರ್ಷ ಪಿಕಪ್ಪಿನ ಮುಂದಿನ ಗಾಜಿಗೆ ಅಂಟಿಸಿದ ಬಿಸಿಲು ಪಟ್ಟಿ ಆ ಕಲ್ಲಿನ ತಲೆಯನ್ನೇ ಕತ್ತರಿಸಿ ನನಗೆ ತೋರಿಸಿತ್ತು. ಅದಕ್ಕೆ ತಲೆ ಉಂಟೆಂದು, ಅದು ಅಷ್ಟು ಮೇಲೆ ಉಂಟೆಂದು ನನಗೆ ತಿಳಿದದ್ದು ಆವತ್ತು. ದಿನಾ ಇಲ್ಲಿಯವರೆಗೆ ಬುಟ್ಟಿ ಕಟ್ಟಿಕೊಂಡು ಬರುತ್ತಿದ್ದ ಕಾಕ ಇದನ್ನು ನೋಡುತ್ತಿದ್ದರಾ? ಆಮೇಲೆ ಕೇಳಿದೆ. "ಇನ್ನೆಂಥದ್ದಕ್ಕೆ ಅಲ್ಲಿಯವರೆಗೆ ಹೋಗ್ತಿದ್ದದ್ದು? ಮೀನು ಮಡಂತ್ಯಾರಲ್ಲೇ ಮುಗೀತಿತ್ತು" ಎಂದರು.

ನಾಲ್ವರು ವೇಣೂರಿನ ದಾರಿ ಹಿಡಿದು ಹೋದರು. ನಾನು ಯಾರದೋ ಪಿಕಪ್ ಹತ್ತಿದೆ. ಅದು ಮೂರನೇ ಗೇರಿಗೆ ಇಳಿದಲ್ಲೆಲ್ಲ ನಾನು ಮನಸ್ಸಿನಲ್ಲಿ ಒಂದು ಸಲಾಂ ಹಾಕಿದೆ. ಮನೆಗೆ ಬಂದು ಹಳೆಯ ಪಟ್ಟಿ ಅಳಿಸಿ, ನಡೆದದ್ದನ್ನು ನಡೆದ ಹಾಗೆ ಹೇಳಿ, ಮೂರನೇ ದಾರಿಗೆ ಕಾಕನ ಬೂತಾಯಿ ದರ್ಜೆ ಹಾಕಿದ್ದೇನೆ.

ಉಳಿದ ಮೂರು ದಾರಿಗೆ ಏನು ಮಾಡುವುದು? "ಅದು ನನ್ನ ಲೈನ್ ಅಲ್ಲ, ಬೇರೆಯವರದ್ದು" ಎನ್ನುತ್ತಾರೆ ಕಾಕ. ಆ ಬೇರೆಯವರಲ್ಲಿ ಎಷ್ಟೋ ಜನ ಈಗ ಇಲ್ಲ. ಅದಕ್ಕೇ ನಿಮ್ಮನ್ನು ಕೇಳುವುದು. ಕನ್ಯಾನ, ಕಕ್ಕಿಂಜೆ, ವೇಣೂರು, ಸಿದ್ದಕಟ್ಟೆ ಕಡೆಯವರು ಯಾರಿದ್ದೀರಿ? ನಿಮ್ಮ ಮನೆಗೆ ಸೈಕಲಿನಲ್ಲಿ ಮೀನು ಬರುತ್ತಿತ್ತಾ? ಅಗ್ಗವಾ, ದುಬಾರಿಯಾ? ಮನೆ ಏರಿನ ಕೆಳಗಾ, ಮೇಲಾ? ಇಷ್ಟು ಬರೆದರೆ ಸಾಕು. ಮೊದಲು ನನ್ನದೇ ಬರೆಯುತ್ತೇನೆ. ಕನ್ಯಾನದ ಹತ್ತಿರ ನಾನು ಹುಟ್ಟಿದ ಮನೆ, ಗುಡ್ಡದ ನೆತ್ತಿಯಲ್ಲಿ. ಮೀನು ದುಬಾರಿ. ನನ್ನ ಹೆತ್ತ ಉಮ್ಮ ದರಕ್ಕೆ ಜಗಳ ಮಾಡುವಾಗ ಮೀನಿನವರು ಮುಖದ ಬೆವರು ಒರೆಸಿಕೊಳ್ಳುತ್ತ ನಿಂತಿರುತ್ತಿದ್ದರು. "ನೋಡಿ ಉಮ್ಮ, ಸುಳ್ಳು ಹೇಳುವಾಗ ಹೇಗೆ ಬೆವರ್ತಾರೆ" ಎಂದು ಅಂಗಳದಲ್ಲಿ ನಿಂತು ಹೇಳಿದವನು ನಾನೇ. ಇನ್ನು ನೀವು ಬರೆಯಿರಿ.