ಎರಡು ಸೀಟಿನ ಕೆಂಪು ಕಾರು, ನಮ್ಮ ಪರಸಿ ಲಾರಿ

ಮನೆಯಲ್ಲಿ ಯಾರಾದರೂ ಬುದ್ಧಿಗೇಡಿ ಕೆಲಸ ಮಾಡಿದರೆ ಅದನ್ನು ಗಂಡಸಿನ ಹೆಸರಿಗೆ ಹಚ್ಚಿಬಿಡುವುದು ಸುಲಭ. ಗಂಡಸರೂ ಹೆಚ್ಚು ತಕರಾರು ಮಾಡುವುದಿಲ್ಲ. ಹುಚ್ಚ ಎನ್ನಿಸಿಕೊಳ್ಳುವುದರಲ್ಲಿ ಅವರಿಗೂ ಒಂದು ಠೀವಿ ಇರುತ್ತದೆ. ನಮ್ಮ ಮನೆಯಲ್ಲಿ ಮಕ್ಕಳು ಮೊಮ್ಮಕ್ಕಳು ಬೀಗರು ಸೇರಿದಾಗಲೆಲ್ಲ ಒಂದು ಕಥೆ ಬಂದೇ ಬರುತ್ತದೆ. "ನಮ್ಮ ಮುತ್ಯಾ ಒಂದ್ಸಲ ಕಲ್ಲಿನ ಲಾರಿ ಕೊಟ್ಟು ರೇಸಿನ ಕಾರು ತಗೋಳ್ಳಿಕ್ಕ ಹೊಂಟಿದ್ದ!" ಎಂದು ಒಬ್ಬರು ಅಜ್ಜನ ಸುದ್ದಿ ಶುರು ಮಾಡುತ್ತಾರೆ, ಉಳಿದವರು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ನಾನೂ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತೇನೆ. ಈಚೆಗೆ ಮೊಮ್ಮಗಳು ಫೋನಿನಲ್ಲಿ ಕನ್ನಡ ಒತ್ತುವುದನ್ನು ಕಲಿಸಿಕೊಟ್ಟಳು. ಬಾಯಿಂದ ಹೇಳಲಾಗದ್ದನ್ನು ಬೆರಳಿನಿಂದ ಹೇಳಬಹುದು ಎಂದು ಈ ವಯಸ್ಸಿನಲ್ಲಿ ಗೊತ್ತಾಯಿತು. ಹಾಗಾಗಿ ಒತ್ತುತ್ತಿದ್ದೇನೆ: ಕಾರಿನ ಹುಚ್ಚು ಅವರದಲ್ಲ. ನನ್ನದು.

ಆಗ ನಾವು ಭಂಕೂರಿನಲ್ಲಿದ್ದೆವು. ರಾಜ್ಯಕ್ಕೆ ಕರ್ನಾಟಕ ಎಂದು ಹೆಸರು ಬಂದಿತ್ತು, ಆದರೆ ನಮ್ಮ ಲಾರಿಯ ನಂಬರು ಇನ್ನೂ ಮೈಸೂರಿನದೇ. ನನ್ನ ಯಜಮಾನರು, ಊರಿನ ಬಾಯಲ್ಲಿ ಬಸಣ್ಣ, ಆ ಲಾರಿಯಲ್ಲಿ ಖಣಿಯಿಂದ ನೆಲಕ್ಕೆ ಹಾಸುವ ಪರಸಿ ಕಲ್ಲು ಹೇರಿ ಶಹಾಬಾದದ ಸ್ಟೇಷನ್ನಿಗೆ ಹೊಡೆಯುತ್ತಿದ್ದರು. ಸಂಜೆ ಮನೆಗೆ ಬಂದಾಗ ಮೀಸೆ, ಹುಬ್ಬು, ಕಿವಿಯ ಕೂದಲು ಎಲ್ಲ ಕಲ್ಲಿನ ಪುಡಿಯಿಂದ ಬೆಳ್ಳಗಾಗಿರುತ್ತಿದ್ದವು. ಮುದುಕರಾದರೆ ಹೇಗೆ ಕಾಣುತ್ತಾರೆ ಎಂಬುದನ್ನು ನಾನು ಮದುವೆಯಾದ ವರ್ಷವೇ ನೋಡಿಬಿಟ್ಟಿದ್ದೆ. ಒಂಬತ್ತು ಮಂದಿಯ ಮನೆ ನಡೆಯುತ್ತಿದ್ದುದು ಆ ಲಾರಿಯಿಂದಲೇ. ಹೊಲವೇನೋ ಇತ್ತು, ಆದರೆ ಅದು ಜೋಳ ಕೊಡುತ್ತಿತ್ತೇ ಹೊರತು ಜೋಳದ ಮೇಲೆ ಹಾಕಿಕೊಳ್ಳುವ ಎಣ್ಣೆಯನ್ನಲ್ಲ.

ಲಾರಿ ನಮ್ಮದು ಎನ್ನುವುದು ಹೆಸರಿಗಷ್ಟೇ. ಮದುವೆಯ ದಿಬ್ಬಣ, ತುಂಬಿದ ಬಸುರಿಯನ್ನು ಆಸ್ಪತ್ರೆಗೆ ಒಯ್ಯುವುದು, ಸತ್ತವರ ನೆಂಟರನ್ನು ಕರೆತರುವುದು ಎಲ್ಲಕ್ಕೂ ಓಣಿಯವರು ಬಂದು ನಿಲ್ಲುತ್ತಿದ್ದುದು ನಮ್ಮ ಬಾಗಿಲಿಗೇ. ಇಷ್ಟೆಲ್ಲ ಜನರನ್ನು ಹೊತ್ತ ಆ ಲಾರಿಯ ಮುಂದಿನ ಸೀಟಿನಲ್ಲಿ ಒಂದು ಸಲವೂ ಕೂರದವಳು ಊರಲ್ಲಿ ಒಬ್ಬಳೇ ಇದ್ದಳು. ಅವಳೇ ನಾನು. ಮುಂದಿನ ಜಾಗ ಯಜಮಾನರ ತಾಯಿಯದು, ನನ್ನ ಅತ್ತಿಯದು. ಅತ್ತಿ ಕಿಟಕಿಗೆ ಕೂರುತ್ತಿದ್ದರು. ನಡುವಿನ ಜಾಗದಲ್ಲಿ ಅವರ ಎಲೆಅಡಿಕೆ ಚೀಲ, ನೀರಿನ ತಂಬಿಗೆ, ಕಾಲಿಗೆ ಹಚ್ಚುವ ಎಣ್ಣೆಯ ಬಾಟಲಿ, ಯಾವತ್ತೂ ಬಿಚ್ಚದ ಒಂದು ಗಂಟು. ಗಂಟಿಗೆ ಸಿಕ್ಕ ಜಾಗ ಸೊಸೆಗೆ ಸಿಗಲಿಲ್ಲ. ನಾನು ಹಿಂದೆ, ಬುತ್ತಿಯ ಬುಟ್ಟಿ, ಮಕ್ಕಳು ಮತ್ತು ಕಲ್ಲಿನ ಚೂರುಗಳ ನಡುವೆ. ಮದುವೆಯಾಗಿ ಎಂಟು ವರ್ಷವಾದರೂ ಗಂಡನ ಮಗ್ಗುಲಿಗೆ ಕೂತು ಒಂದು ಮೈಲಿ ಹೋದವಳಲ್ಲ. ಕೇಳುವುದಾದರೂ ಹೇಗೆ? ಇಂಥದ್ದನ್ನು ಬಾಯಿಬಿಟ್ಟು ಕೇಳುವ ಸೊಸೆಯನ್ನು ನಮ್ಮ ಓಣಿ ಇನ್ನೂ ಹೆತ್ತಿರಲಿಲ್ಲ.

ಹೀಗಿರುವಾಗ ಚಿತ್ತಾಪುರದ ಖಾಜಾ ಸಾಬರು ಆ ಕಾರನ್ನು ತಂದು ನಮ್ಮ ಬಾಗಿಲಿಗೆ ನಿಲ್ಲಿಸಿದರು. ಅವರದು ಹಳೆಯ ಮನೆತನ. ಹೈದರಾಬಾದಿನ ಸೋದರಮಾವ ಶೋಕಿಗೆ ಇಟ್ಟುಕೊಂಡಿದ್ದ ಕಾರು ಇವರ ಪಾಲಿಗೆ ಬಂದಿತ್ತು. ಕುಂಕುಮದಂಥ ಕೆಂಪು. ಬಟ್ಟೆಯ ಮಾಡು, ಬೇಕೆಂದರೆ ಮಡಚಿ ಹಿಂದೆ ಇಡಬಹುದು. ಮೂಗು ಮಾತ್ರ ಮಾರುದ್ದ. ಸಾಬರು ಆಗಷ್ಟೇ ಪರಸಿ ಖಣಿ ಹಿಡಿದಿದ್ದರು, ಅವರಿಗೆ ಬೇಕಾಗಿದ್ದುದು ಲಾರಿ.

"ಬಸಣ್ಣ, ಈ ಗಾಡಿ ನೋಡ್ಲಿಕ್ಕ ಭಾಳ ಖೂಬಸೂರತ್ ಅದ, ಖರೆ. ಆದ್ರ ಇದ್ರಾಗ ಪರಸಿ ಹೇರ್ಲಿಕ್ಕ ಬರ್ತದೇನು? ನಿಮ್ಮ ಲಾರಿ ಕೊಡ್ರಿ, ಇದನ್ನ ತಗೋರಿ. ಬರೋಬರಿ ಸೌದಾ" ಎಂದರು.

ಯಜಮಾನರು ನಕ್ಕುಬಿಟ್ಟರು. "ಸಾಬ್ರೆ, ಲಾರಿ ಕೊಟ್ಟು ನಾ ಏನ ಉಣ್ಣಲಿ? ಗಾಳಿ?"

ನಾನು ಒಳಗಿನಿಂದ ಚಹಾ ತಂದಿದ್ದೆ. ಕಾರಿನೊಳಗೆ ಒಮ್ಮೆ ಇಣುಕಿದೆ. ಎರಡೇ ಸೀಟು. ಹಿಂದೆ ಸೀಟಿಲ್ಲ, ನಡುವೆ ಜಾಗವಿಲ್ಲ, ಗಂಟಿಗೆ ದಾರಿಯೇ ಇಲ್ಲ! ಅಂದಿನಿಂದ ಶುರುವಾಯಿತು ನನ್ನ ವಕೀಲಿ. ರೊಟ್ಟಿ ಬಡಿಸುವಾಗ ಒಂದು ಮಾತು, ಬೆನ್ನು ತಿಕ್ಕುವಾಗ ಒಂದು ಮಾತು. "ಲಾರಿ ಮುದುಕ ಆಗ್ಯಾದ್ರಿ, ದುಡಿಯೋಕಿಂತ ಕೆಮ್ಮೋದೇ ಹೆಚ್ಚು." "ಹೊಲ ಅದ ಅಲ್ರಿ, ಹೊಟ್ಟಿಗಿ ಫಿಕರ್ ಯಾಕ?" "ಖಾಜಾ ಸಾಬ್ರು ತಮ್ಮ ಖಣಿ ನೋಡ್ಕೋಳ್ಳಿಕ್ಕ ನಿಮ್ಮನ್ನ ಬಿಟ್ಟು ಯಾರನ್ನ ಇಡ್ತಾರ?" ಕೊನೆಯದಾಗಿ ಒಂದು ಮಾತು ಹಾಕಿದೆ: "ಇಷ್ಟ ವರ್ಷ ಊರ ಮಂದಿ ಸಲುವಾಗಿ ಗಾಡಿ ಹೊಡದೀರಿ. ಒಂದಿನ ನಿಮ್ಮ ಸಲುವಾಗಿ ಹೊಡೀರಿ." ಆ ಮಾತಿಗೆ ಅವರು ನೀರಿನ ತಂಬಿಗೆಯನ್ನು ಕೆಳಗಿಟ್ಟು ನನ್ನನ್ನು ಬಹಳ ಹೊತ್ತು ನೋಡಿದರು. ಏನೋ ಗೊತ್ತಾಯಿತು ಎಂದು ನನಗೆ ಹೆದರಿಕೆಯಾಯಿತು.

ಒಂದು ವಾರದಲ್ಲಿ ಖಾಜಾ ಸಾಬರೇ ದಾರಿ ತೋರಿಸಿದರು. ಮೂರು ದಿನ ಅವರು ಲಾರಿ ಇಟ್ಟುಕೊಂಡು ನೋಡುವುದು, ನಾವು ಕಾರು ಇಟ್ಟುಕೊಂಡು ನೋಡುವುದು. ಒಪ್ಪಿದರೆ ಸೌದಾ, ಇಲ್ಲವಾದರೆ ವಾಪಸು. ಯಜಮಾನರು ಹೂಂ ಎಂದರು. ಆ ಮೂರು ದಿನದ ನಡುವೆ ಎಳ್ಳಮಾವಾಸ್ಯೆ ಬರುತ್ತದೆ ಎಂಬುದು ಅವರಿಗೂ ಹೊಳೆಯಲಿಲ್ಲ, ಅತ್ತಿಗೂ ಹೊಳೆಯಲಿಲ್ಲ. ನನಗೆ ಹೊಳೆದಿತ್ತು. ಹೇಳಲಿಲ್ಲ.

ನಮ್ಮ ಕಡೆ ಎಳ್ಳಮಾವಾಸ್ಯೆಯೆಂದರೆ ಊರು ಖಾಲಿ. ಹಸಿರಾಗಿ ನಿಂತ ಜೋಳಕ್ಕೆ ಬಯಕೆಯ ಊಟ ಮಾಡಿಸುವ ಹಬ್ಬ ಅದು. ಸಜ್ಜಿ ರೊಟ್ಟಿ, ಸಜ್ಜಿ ಕಡಬು, ಶೇಂಗಾ ಹೋಳಿಗೆ, ಹತ್ತು ಥರದ ಸೊಪ್ಪು ಕಾಳು ಹಾಕಿ ಕುದಿಸಿದ ಭಜ್ಜಿ, ಗಡಿಗೆ ತುಂಬ ಅಂಬಲಿ ಎಲ್ಲ ಕಟ್ಟಿಕೊಂಡು ಹೊಲಕ್ಕೆ ಹೋಗಬೇಕು. ಮನೆಯ ಹಿರಿಯರು ಮೊದಲು ಬೆಳೆಗೆ ಅನ್ನ ಎರಚಿ ಚರಗ ಚೆಲ್ಲಬೇಕು. ಆಮೇಲೆ ನಮ್ಮ ಊಟ. ದಾರಿಯಲ್ಲಿ ಎದುರಾದವರಿಗೆ ಕೊಡದೆ ಮುಂದೆ ಹೋಗುವಂತಿಲ್ಲ, ಅವರು ಕೊಟ್ಟದ್ದನ್ನು ಬೇಡ ಎನ್ನುವಂತಿಲ್ಲ. ಪ್ರತಿವರ್ಷ ಓಣಿಯ ಅರ್ಧ ಜನ ಹೋಗುತ್ತಿದ್ದುದು ನಮ್ಮ ಲಾರಿಯಲ್ಲೇ.

ಆ ಬೆಳಿಗ್ಗೆಯೂ ಎಂದಿನಂತೆ ಗಡಿಗೆ ಬುಟ್ಟಿ ಹೊತ್ತು ಎಲ್ಲರೂ ಬಂದು ನಿಂತರು. ಲಾರಿ ಇರುವ ಜಾಗದಲ್ಲಿ ಹೊರಸುಮಂಚದಷ್ಟಗಲದ ಕೆಂಪು ಕಾರು. ಪಕ್ಕದ ಮನೆಯ ಗುರುಬಾಯಿ ತಲೆಯ ಮೇಲಿನ ಬುಟ್ಟಿಯನ್ನು ಹಿಡಿದುಕೊಂಡೇ ಸುತ್ತ ಒಂದು ಪ್ರದಕ್ಷಿಣೆ ಹಾಕಿದಳು.

"ಏನೋ ಬಸಣ್ಣ, ಹಬ್ಬಕ್ಕಂತ ಲಾರಿ ತೊಳದೇನು? ನೀರಿಗಿ ಹಾಕಿಂದ ಸಣ್ಣಾಗ್ಯಾದಲ್ಲೋ!"

ಯಜಮಾನರು ತಲೆ ಕೆರೆದುಕೊಂಡು ನಿಂತರು. ಓಡಾಡಿ ಮೂರು ಎತ್ತಿನ ಬಂಡಿ ಹೊಂದಿಸುವುದರಲ್ಲಿ ಹೊತ್ತು ಏರಿತು. ನಾನು ಮಾತ್ರ ಹಸಿರು ಇಳಕಲ್ ಸೀರೆ ಉಟ್ಟು ಅಂಬಲಿಯ ಗಡಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದೆ. "ನೀವೆಲ್ಲಾ ಬಂಡಿ ಮ್ಯಾಲ ಮುಂದ ನಡೀರಿ. ಅಂಬಲಿ ಚೆಲ್ಲತದ, ನಾ ಇದ್ರಾಗ ಸಾವಕಾಶ ಬರ್ತೀನಿ" ಎಂದೆ. ಎಷ್ಟು ಸಹಜವಾಗಿ ಹೇಳಿದ್ದೆನೆಂದರೆ ನನಗೇ ನನ್ನ ಮೇಲೆ ಅಭಿಮಾನ ಬಂತು. ಯಜಮಾನರು ಚಾವಿ ತಿರುವಿದರು. ಕಾರು ಗುರ್ ಎಂದಿತು. ನಾನು ಒಂದು ಹೆಜ್ಜೆ ಮುಂದಿಟ್ಟೆ.

ಅಷ್ಟರಲ್ಲಿ ಅತ್ತಿ ಎಲೆಅಡಿಕೆ ಚೀಲ ಹಿಡಿದು ಹೊರಬಂದರು. ಬಾಗಿಲು ತೆಗೆದರು, ತಿರುಗಿ ನಿಂತರು, ಧೊಪ್ಪೆಂದು ಸೀಟಿಗೆ ಬಿದ್ದರು. ಗಂಟನ್ನು ತೊಡೆಯ ಮೇಲಿಟ್ಟುಕೊಂಡರು. "ನಡಿ ಬಸ್ಯಾ" ಎಂದರು. ಆಮೇಲೆ ನನ್ನತ್ತ ನೋಡಿ, "ಅಂಬಲಿ ಬಂಡ್ಯಾಗ ಚೆಲ್ಲಂಗಿಲ್ಲವ್ವ. ತೊಡಿ ಮ್ಯಾಲ ಇಟ್ಕೋ" ಎಂದರು.

ಬಂಡಿಯಲ್ಲಿ ಗುರುಬಾಯಿಯ ಪಕ್ಕ ಕೂತು ಹೋದೆ. ಅಂಬಲಿ ಚೆಲ್ಲಿತು, ಇಳಕಲ್ ಸೀರೆಯ ಮೇಲೆಯೇ ಚೆಲ್ಲಿತು. ಊರ ಹೊರಗಿನ ತಿರುವು ದಾಟಿದಾಗ ಮುಂದೆ ಬಂಡಿಗಳ ಸಾಲು ನಿಂತಿತ್ತು. ಎರೆಹೊಲದ ಬಂಡಿದಾರಿ ಹೇಗಿರುತ್ತದೆ ಎಂದು ನಿಮಗೆ ಗೊತ್ತಿರಬಹುದು. ಎರಡೂ ಕಡೆ ಗಾಲಿ ಕೊರೆದ ಆಳ, ನಡುವೆ ದಿಬ್ಬ. ಕಾರು ಆ ದಿಬ್ಬದ ಮೇಲೆ ಹೊಟ್ಟೆ ಊರಿ ಕೂತುಬಿಟ್ಟಿತ್ತು. ಹಿಂದಿನ ಎರಡು ಗಾಲಿಗಳು ಸುಮ್ಮನೆ ತಿರುಗುತ್ತಿದ್ದವು, ಈಜು ಬರದವನ ಕಾಲಿನಂತೆ.

"ಎವ್ವಾ, ಜರ ಇಳಿ. ಹಗುರಾದ್ರ ದೂಕ್ತೀವಿ" ಎಂದು ಯಜಮಾನರು ಬೇಡಿಕೊಳ್ಳುತ್ತಿದ್ದರು.

"ನಾ ಯಾಕ ಇಳೀಲಿ? ನಿಂತಿದ್ದು ನಿನ್ನ ಗಾಡಿ. ನಾ ಛಲೋ ಕುಂತೀನಿ."

ನಿಜವೇನೆಂದರೆ ಆ ಸೀಟು ನೆಲಕ್ಕೆ ಅಂಟಿದಂತಿತ್ತು. ಅತ್ತಿಯ ಮೊಣಕಾಲು ಅವರನ್ನು ಅಲ್ಲಿಂದ ಮೇಲೆತ್ತುವ ಸ್ಥಿತಿಯಲ್ಲಿರಲಿಲ್ಲ. ಅದನ್ನು ಒಪ್ಪಿಕೊಳ್ಳುವ ಜಾತಿಯ ಹೆಂಗಸು ಅವರಲ್ಲ. ದಾರಿ ಕಟ್ಟಿದ್ದರಿಂದ ಬಂದ ಬಂಡಿಗಳೆಲ್ಲ ಅಲ್ಲೇ ನಿಲ್ಲಬೇಕಾಯಿತು. ನಿಂತ ಮೇಲೆ ಹಬ್ಬದ ದಿನ ಕೊಡದಿರಲು ಆಗುತ್ತದೆಯೇ? ಒಬ್ಬರು ಕಡಬು ಕೊಟ್ಟರು, ಒಬ್ಬರು ಹೋಳಿಗೆ ಕೊಟ್ಟರು, ಗುರುಬಾಯಿ ನಮ್ಮ ಬಂಡಿಯ ಮೇಲಿಂದಲೇ ಕೈ ಇಳಿಬಿಟ್ಟು ರೊಟ್ಟಿ ಭಜ್ಜಿ ಕೊಟ್ಟಳು. ಚರಗ ಚೆಲ್ಲುವವರೆಗೆ ಅತ್ತಿ ಉಣ್ಣುವಂತಿರಲಿಲ್ಲ, ಆದ್ದರಿಂದ ಎಲ್ಲವನ್ನೂ ತೊಡೆಯ ಮೇಲೆ ಪೇರಿಸಿಕೊಳ್ಳುತ್ತ ಹೋದರು. ಕೊನೆಗೆ ಆ ಗಂಟು ಕಾಣಿಸದಾಯಿತು, ಅತ್ತಿಯ ಗದ್ದವೂ ಕಾಣಿಸದಾಯಿತು.

ಆಗ ಇನ್ನೊಂದು ಪೇಚು. ಮನೆಯ ಹಿರಿಯರು ಹೊಲಕ್ಕೆ ಹೋಗದೆ ಚರಗ ಹೇಗೆ? ಚರಗವಿಲ್ಲದೆ ಊಟ ಹೇಗೆ? ಮಕ್ಕಳು ಹಸಿವಿಗೆ ಅಳತೊಡಗಿದರು. ಯಜಮಾನರು ಬೇರೆ ದಾರಿ ಕಾಣದೆ ನಮ್ಮ ಬಂಡಿಯ ಎತ್ತು ಬಿಚ್ಚಿ, ಕಾರಿನ ಆ ಮಾರುದ್ದ ಮೂಗಿಗೆ ಹಗ್ಗ ಬಿಗಿದು ಹೂಡಿದರು. ಹೈದರಾಬಾದಿನ ಶೋಕಿ ಕಾರು ಎರಡು ಎತ್ತುಗಳ ಹಿಂದೆ ಜೋಳದ ಹೊಲಕ್ಕೆ ಬಂತು. ಮಾಡು ಮಡಚಿದ್ದರಿಂದ ಅತ್ತಿ ಕೂತಲ್ಲಿಂದಲೇ ಎಡಕ್ಕೊಂದು ಮುಷ್ಟಿ, ಬಲಕ್ಕೊಂದು ಮುಷ್ಟಿ ಚರಗ ಚೆಲ್ಲಿದರು. ಒಂದು ಹೆಜ್ಜೆ ನಡೆಯಲಿಲ್ಲ, ಒಂದು ಮುಳ್ಳು ಚುಚ್ಚಲಿಲ್ಲ. ಚರಗ ಮುಗಿಸಿ, ಉಂಡು, ಎಲೆ ಮಡಚಿ ಬಾಯಿಗಿಟ್ಟುಕೊಂಡು ತೀರ್ಪು ಹೇಳಿದರು.

"ಬಸ್ಯಾ, ಈ ಗಾಡಿ ಬಿಡಬ್ಯಾಡ. ಲಾರಿ ಕೊಟ್ಟುಬಿಡು."

ಎತ್ತುಗಳೇ ಕಾರನ್ನೂ ಅತ್ತಿಯನ್ನೂ ಮನೆ ಮುಟ್ಟಿಸಿದ ಮೇಲೆ ಸಂಜೆ ನಮ್ಮಲ್ಲಿ ಪಂಚಾಯಿತಿ, ಗುರುಬಾಯಿಯೊಬ್ಬಳನ್ನು ಬಿಟ್ಟು ಓಣಿಯೇ ಸೇರಿತ್ತು. ಅತ್ತಿ ತಮ್ಮ ಮುಂದಿನ ದಿನಗಳನ್ನೆಲ್ಲ ಹಂಚಿಬಿಟ್ಟರು. ಸೋಮವಾರ ಕಾಳಗಿಯ ತಂಗಿಯ ಮನೆ. ಮಗಳನ್ನು ಕೊಟ್ಟ ಚಿಂಚೋಳಿಗೆ ತಿಂಗಳಿಗೆ ಎರಡು ಸಲ. ಸೇಡಂನಲ್ಲಿ ಕಣ್ಣಿನ ಔಷಧಿ. ಕುರಕುಂಟಾದಲ್ಲಿ ಯಾರೋ ಬಾಲ್ಯದ ಗೆಳತಿಯಂತೆ, ಎಂಟು ವರ್ಷದಲ್ಲಿ ನಾನು ಆ ಹೆಸರನ್ನೇ ಕೇಳಿರಲಿಲ್ಲ. ನಾನು ಕಂಬಕ್ಕೆ ಒರಗಿ ಲೆಕ್ಕ ಹಾಕಿದೆ. ಸೀಟು ಎರಡು. ಒಂದು ಗಂಡನದು, ಒಂದು ಅತ್ತಿಯದು. ಲಾರಿಯಲ್ಲಾದರೆ ಹಿಂದೆಯಾದರೂ ಕೂರುತ್ತಿದ್ದೆ. ಇದರಲ್ಲಿ ಹಿಂದೆಯೂ ಇಲ್ಲ! ನಾನೇ ಹಟ ಹಿಡಿದು ನನ್ನನ್ನು ಗಾಡಿಯಿಂದ ಪೂರಾ ಕೆಳಗಿಳಿಸಿಕೊಂಡಿದ್ದೆ. ಒಂಬತ್ತು ಮಂದಿಯ ಅನ್ನವನ್ನೂ ಜೊತೆಗೆ ಇಳಿಸಿದ್ದೆ, ಅದು ಆಗಷ್ಟೇ ನೆನಪಾಯಿತು. ಯಾವುದು ಮೊದಲು ನೆನಪಾಯಿತು ಎಂದು ದಯಮಾಡಿ ಕೇಳಬೇಡಿ.

ಸೆರಗು ಸರಿಮಾಡಿಕೊಂಡು ಎದುರಿಗೆ ಬಂದೆ. "ಅತ್ತಿ, ಒಂದ ಮಾತು ಹೇಳ್ಲೇನ್ರಿ? ಲಾರಿಯಾಗ ನೀವು ಕುಂತ್ರ ಊರೆಲ್ಲಾ ತಲಿ ಎತ್ತಿ ನಿಮ್ಮನ್ನ ನೋಡ್ತದ. ಇವತ್ತ ಏನಾಯ್ತು? ಬಂಡ್ಯಾಗ ಕುಂತ ಗುರುಬಾಯಿ ಸುದ್ದಾ ಮ್ಯಾಲಿಂದ ಕೈ ಇಳಿಬಿಟ್ಟು ನಿಮಗ ರೊಟ್ಟಿ ಕೊಟ್ಟಳು. ನೀವು ಕೆಳಗ ಕುಂತು ಕೈ ಒಡ್ಡಿ ಇಸಗೊಂಡ್ರಿ. ನನಗ ನೋಡ್ಲಿಕ್ಕ ಆಗ್ಲಿಲ್ರಿ."

ಅತ್ತಿಯ ಬಾಯಿಯಲ್ಲಿ ಎಲೆ ನಿಂತಿತು. "ಗುರುಬಾಯಿ ಮ್ಯಾಲಿಂದ ಕೊಟ್ಟಳೇನು?"

"ಹೌದ್ರಿ. ಕೊಟ್ಟು ನಕ್ಕಳು."

ನಕ್ಕದ್ದು ಸುಳ್ಳು. ಗುರುಬಾಯಿ, ನೀನು ಎಲ್ಲೇ ಇರು, ಕ್ಷಮಿಸವ್ವ.

"ಲಾರಿ ಹೊಳ್ಳಿ ತಾ ಬಸ್ಯಾ" ಎಂದರು ಅತ್ತಿ. "ಲಕ್ಷ್ಮೀನ ಕೊಟ್ಟು ಗೊಂಬಿ ತರ್ತಾರೇನು ಯಾರರ? ನಿನಗ ಬುದ್ಧಿ ಎಲ್ಲಿ ಹೋಗಿತ್ತು? ನೋಡು ಸೊಸಿ ಎಷ್ಟ ಶಾಣ್ಯಾಕಿ ಅದಾಳ!" ಓಣಿಯವರೂ ಹೌದೌದು ಎಂದರು. ಯಜಮಾನರು ಹುಚ್ಚರಾದರು, ನಾನು ಶಾಣ್ಯಾಕಿಯಾದೆ. ಅವರು ನನ್ನ ಹೆಸರು ಹೇಳಬಹುದಾಗಿತ್ತು. ಹೇಳಲಿಲ್ಲ, ಮೀಸೆಯ ಕೆಳಗೆ ನಕ್ಕರು. ಎಲ್ಲಿಯೋ ನೋಡುತ್ತ ತಾಯಿಗೆ ಹೇಳಿದರು: "ನಾಳಿ ಚಿತ್ತಾಪುರಕ್ಕ ಕಾರು ಬಿಟ್ಟು ಬರ್ತೀನವ್ವ. ಖಾಜಾ ಸಾಬ್ರ ಮನಿ ಹೆಣ್ಣಮಕ್ಕಳಿಗಿ ಕಡಬು ಭಜ್ಜಿ ಕೊಡಬೇಕು. ನಾ ಒಳಗ ಹ್ಯಾಂಗ ಹೋಗ್ಲಿ? ಇಕಿನ್ನ ಕರಕೊಂಡು ಹೋಗ್ತೀನಿ."

ಅವರಿಗೆ ಎಲ್ಲ ಗೊತ್ತಿತ್ತು. ಎಷ್ಟು ದಿನದಿಂದ ಗೊತ್ತಿತ್ತು ಎಂದು ನಾನು ಕೇಳಲಿಲ್ಲ.

ಮರುದಿನ ಬೆಳಿಗ್ಗೆ ಮಾಡು ಮಡಚಿ, ಕಡಬಿನ ಡಬ್ಬಿ ಕಾಲ ಬಳಿ ಇಟ್ಟುಕೊಂಡು, ಗಂಡನ ಮಗ್ಗುಲಿಗೆ ಕೂತೆ. ಓಣಿ ದಾಟುವವರೆಗೆ ತಲೆ ತಗ್ಗಿಸಿದ್ದೆ, ದಾಟಿದ ಮೇಲೆ ಎತ್ತಿದೆ. ಶಹಾಬಾದ ಬಂತು. ಅಂಗಡಿಯವರು ತಕ್ಕಡಿ ಹಿಡಿದುಕೊಂಡೇ ನೋಡಿದರು. ಊರು ದಾಟಿತು. ಮೆತ್ತನೆಯ ಸೀಟು, ಎಳೆಬಿಸಿಲು, ಹದವಾದ ಗಾಳಿ. ಹಬ್ಬಕ್ಕೆಂದು ಎರಡು ದಿನ ಕೋಳಿ ಕೂಗುವ ಮೊದಲೇ ಎದ್ದು ನೂರಾರು ರೊಟ್ಟಿ ಬಡಿದ ಮೈ ಅದು. ವಾಡಿ ಬಂದದ್ದು ನನಗೆ ಗೊತ್ತಿಲ್ಲ. ವಾಡಿ ಹೋದದ್ದೂ ಗೊತ್ತಿಲ್ಲ. ಕಣ್ಣು ಬಿಟ್ಟಾಗ ಕಾರು ನಿಂತಿತ್ತು, ಖಾಜಾ ಸಾಬರ ಬೇಗಂ ಬಾಗಿಲಲ್ಲಿ ನಿಂತು ನಗುತ್ತಿದ್ದರು, ನನ್ನ ತಲೆ ಯಜಮಾನರ ಭುಜದ ಮೇಲಿತ್ತು. ಗಾಬರಿಯಿಂದ ಸೆರಗು ಎಳೆದುಕೊಂಡೆ.

"ಯಾಕ ಎಬ್ಬಿಸ್ಲಿಲ್ರಿ?" ಎಂದೆ.

"ಎಬ್ಬಿಸಬಾರದಂತನೇ ಎತ್ತಿನ ಬಂಡಿಗಿಂತ ಸಾವಕಾಶ ಹೊಡದೀನಿ" ಎಂದರು. "ಒಂದು ಸೈಕಲ್ ಸುದ್ದಾ ನಮ್ಮನ್ನ ದಾಟಿ ಹೋಯ್ತು."

ಮೊಮ್ಮಕ್ಕಳು ಈಗಲೂ ಕೇಳುತ್ತಾರೆ: "ಅಜ್ಜೀ, ರೇಸಿನ ಕಾರಿನಾಗ ಕುಂತಾಗ ಹ್ಯಾಂಗ ಅನಿಸ್ತು?" ನಾನು ಕೈ ತಿರುವಿ ಹೇಳುತ್ತೇನೆ, ಗಾಳಿಗೆ ಸೆರಗು ಹಾರಿದ್ದು, ಮರಗಳು ಹಿಂದಕ್ಕೆ ಓಡಿದ್ದು, ರೈಲಿನ ಜೊತೆ ಪಂದ್ಯ ಕಟ್ಟಿ ಗೆದ್ದದ್ದು. ವರ್ಷದಿಂದ ವರ್ಷಕ್ಕೆ ರೈಲು ಇನ್ನಷ್ಟು ಹಿಂದೆ ಬೀಳುತ್ತಿದೆ. ಎಂಟು ವರ್ಷ ಕಾದು, ಸುಳ್ಳು ಹೇಳಿ, ಒಂಬತ್ತು ಮಂದಿಯ ಅನ್ನವನ್ನು ಪಣಕ್ಕಿಟ್ಟು ಆ ಸೀಟಿನಲ್ಲಿ ನಾನು ಕೂತದ್ದು ಖರೆ. ಕೂತಿದ್ದೆ ಎಂದು ಗೊತ್ತಾದದ್ದು ಇಳಿಯುವಾಗ.