ಎಪ್ಪತ್ತೆಂಟು ಕಿಲೋದ ಯಜಮಾನರು

ಲಿಫ್ಟ್ ರಿಪೇರಿಯವನಿಗೆ ಸಿಟ್ಟು ನೆತ್ತಿಗೇರಿತ್ತು. ಇಪ್ಪತ್ತು ವರ್ಷದಿಂದ ಊರವರನ್ನೆಲ್ಲ ಮೇಲಕ್ಕೇರಿಸಿದ ಮಹಾಪುರುಷ ಅವನು. ಈಗ ತಾನು ವಾಸವಿರುವ ಕಟ್ಟಡದ ಲಿಫ್ಟೇ ಅವನಿಗೆ ತಿರುಗಿಬಿದ್ದಿತ್ತು. ಹೆಂಡತಿ, ಮಗಳು, ಅತ್ತೆ ಹತ್ತಿದರೆ ತೆಪ್ಪಗಿರುತ್ತಿತ್ತು. ನಾಲ್ಕನೆಯವನಾಗಿ ಇವನು ಕಾಲಿಟ್ಟರೆ 'ಕುಂಯ್' ಎಂದು ಬೊಬ್ಬೆ ಹೊಡೆಯುತ್ತಿತ್ತು. (ಭಾರ ಹೆಚ್ಚಾದರೆ ಕೂಗುವ ಆ ಗಂಟೆಯನ್ನು ಕೂರಿಸಿದವನೂ ಇವನೇ.)

"ಅಪ್ಪಾ, ಮನುಷ್ಯ ಯಾವತ್ತಾದ್ರೂ ಗುರುತ್ವಾಕರ್ಷಣೆನ ಹತೋಟಿಗೆ ತರ್ತಾನಾ? ಸ್ಕೂಲಿಗೆ ಬರ್ಕೊಂಡು ಹೋಗ್ಬೇಕು," ಎಂದಳು ಮಗಳು.

"ಯಾವತ್ತಾದ್ರೂ ಏನು! ನಿಮ್ಮಪ್ಪ ದಿನಾ ಅದರ ಜುಟ್ಟು ಹಿಡ್ಕೊಂಡೇ ಕೆಲಸ ಮಾಡೋದು."

"ಮೊದಲು ಹೊಟ್ಟೆ ಹತೋಟಿಗೆ ಬರ್ಲಿ," ಎಂದಳು ಹೆಂಡತಿ.

"ನಾನು ಮದುವೆ ದಿನ ಎಪ್ಪತ್ತೆಂಟು ಕಿಲೋ, ಇವತ್ತೂ ಎಪ್ಪತ್ತೆಂಟೇ! ಲಿಫ್ಟಿಗೆ ತಲೆ ಕೆಟ್ಟಿದೆ ಅಷ್ಟೇ."

"ಕೆಟ್ಟಿಲ್ಲ ಅಂದ್ರೆ?"

"ಒಂದು ವರ್ಷ ಆರು ಮಹಡಿ ನಡ್ಕೊಂಡೇ ಹತ್ತುತ್ತೀನಿ. ಲಿಫ್ಟು ಸರಿಯಾಗಿದೆ ಅಂತ ತಪಾಸಣೆ ಪುಸ್ತಕದಲ್ಲೂ ಬರೀತೀನಿ!"

ಅದು ದೊಡ್ಡ ಮಾತು. ಲಿಫ್ಟಿನೊಳಗೆ ನೇತಾಡುವ ಆ ಪುಸ್ತಕದಲ್ಲಿ ಅವನು ಈವರೆಗೆ ಒಂದು ಸುಳ್ಳೂ ಬರೆದವನಲ್ಲ. ಇಪ್ಪತ್ತನಾಲ್ಕು ಮನೆಯವರೂ ಅದನ್ನು ಓದುತ್ತಾರೆ.

ಭಾನುವಾರ ಕಂಪನಿಯಿಂದ ತೂಕದ ಕಬ್ಬಿಣದ ಗುಂಡುಗಳನ್ನು ತಂದ. ಮೂರು ಗಂಟೆ ಲಿಫ್ಟಿನ ಹೊಟ್ಟೆಯೊಳಗೆ ಬಿದ್ದು, ಮೈಗೆಲ್ಲ ಗ್ರೀಸು ಮೆತ್ತಿಕೊಂಡು ಎದ್ದ. ಮೂವರು ಹೆಂಗಸರನ್ನು ಒಳಗೆ ನಿಲ್ಲಿಸಿ, ತನ್ನ ಬದಲಿಗೆ ಎಪ್ಪತ್ತೆಂಟು ಕಿಲೋ ಗುಂಡುಗಳನ್ನು ಪೇರಿಸಿದ. ಲಿಫ್ಟು ಚಕಾರವೆತ್ತದೆ ಮೇಲೆ ಹೋಗಿ ಕೆಳಗೆ ಬಂತು.

"ನೋಡಿದ್ರಾ! ಈಗ ಸರಿ ಹೋಯ್ತು!" ಎಂದು ಗುಂಡುಗಳನ್ನು ಹೊರಗೆಳೆದು, ತಲೆ ಬಾಚಿಕೊಂಡು, ಗಜಗಾಂಭೀರ್ಯದಿಂದ ಒಳಗೆ ಬಂದ.

ಕುಂಯ್.

ಬೂಟು ಬಿಚ್ಚಿದ. ಕುಂಯ್. ಸ್ಪ್ಯಾನರುಗಳ ಬೆಲ್ಟು ಬಿಚ್ಚಿದ. ಕುಂಯ್. ಉಸಿರು ಬಿಗಿಹಿಡಿದ. ಲಿಫ್ಟಿಗೆ ಕರುಣೆಯೇ ಇರಲಿಲ್ಲ.

"ಅಳಿಯಂದ್ರೇ, ಬೇಜಾರು ಮಾಡ್ಕೋಬೇಡಿ," ಎಂದರು ಅತ್ತೆ ಮೆಲ್ಲಗೆ. "ಆ ಕಬ್ಬಿಣ ಒಳಗಿಡಿ, ನಾವು ಕರ್ಕೊಂಡು ಹೋಗಿರ್ತೀವಿ. ನೀವು ನಿಧಾನಕ್ಕೆ ಹತ್ತಿ ಬನ್ನಿ."

ನಾಲ್ಕನೇ ಮಹಡಿಯಲ್ಲಿ ಕೂತು ಸುಧಾರಿಸಿಕೊಂಡು, ಏದುಸಿರು ಬಿಡುತ್ತಾ ಮನೆ ಸೇರಿದಾಗ ಅವನ ಕುರ್ಚಿಯ ಮೇಲೆ ಗುಂಡುಗಳು ಸಾಲಾಗಿ ಕೂತಿದ್ದವು.

"ಎಬ್ಬಿಸ್ಬೇಡಿ," ಎಂದಳು ಹೆಂಡತಿ. "ನನ್ನ ಮದುವೆ ದಿನದ ಯಜಮಾನ್ರು. ಎಷ್ಟೋ ವರ್ಷಕ್ಕೆ ಬಂದಿದಾರೆ." ತಪಾಸಣೆ ಪುಸ್ತಕವನ್ನು ಅವನ ಕೈಗಿತ್ತಳು.

'ಲಿಫ್ಟಿನಲ್ಲಿ ದೋಷವಿಲ್ಲ' ಎಂದು ಬರೆದು, ನಿಂತುಕೊಂಡೇ ಸಹಿ ಹಾಕಿದ.